ಮಿತಭಾಷಿಯ ಸತ್ವ: ಮಾತಿನ ಸಮಾಜದಲ್ಲಿ ಅಂತರ್ಮುಖ ವ್ಯಕ್ತಿತ್ವದ ನೆಲೆ-ಬೆಲೆ

ಸೆಮಿನಾರ್, ಗುಂಪು ಚರ್ಚೆ ಮತ್ತು ಮೌಖಿಕ ಪರೀಕ್ಷೆಗಳು ಸ್ನಾತಕೋತ್ತರ ತರಗತಿಗಳ ಮೌಲ್ಯಮಾಪನದಲ್ಲಿ ನೆಲೆಯೂರಿ ಬಹಳ ಕಾಲವಾಯಿತು. ಪ್ರಬಂಧವನ್ನು ಎಚ್ಚರದಿಂದ ಬರೆದು ತಂದು, ಸಹಪಾಠಿಗಳ ಮುಂದೆ ಓದುವಾಗ ಧ್ವನಿ ತಗ್ಗಿ, ಕೇಳಿದ ಪ್ರಶ್ನೆಗೆ ಆ ಕ್ಷಣವೇ ಉತ್ತರಿಸಲಾಗದೆ ನಿಂತುಬಿಡುವ ವಿದ್ಯಾರ್ಥಿಯನ್ನು ಎಲ್ಲ ಅಧ್ಯಾಪಕರೂ ಕಂಡಿರುತ್ತಾರೆ. ಅದೇ ಪ್ರಶ್ನೆಗೆ ಮರುದಿನ ಆ ವಿದ್ಯಾರ್ಥಿ ಯೋಚಿಸಿ ತಂದ ಉತ್ತರ ಇಡೀ ತರಗತಿಯಲ್ಲಿಯೇ ಹೆಚ್ಚು ತೂಕದ್ದಾಗಿರಬಹುದು. ಆದರೆ ಅಷ್ಟರಲ್ಲಿ ಅಂಕಗಳನ್ನು ಬರೆದು ಮುಗಿಸಲಾಗಿರುತ್ತದೆ. ‘ವಿಷಯ ಗೊತ್ತಿದೆ, ಧೈರ್ಯವಿಲ್ಲ’ ಎಂಬ ಮಾತಿನೊಂದಿಗೆ ಆ ಪ್ರಸಂಗ ಮುಕ್ತಾಯವಾಗುತ್ತದೆ.

ಈ ತೀರ್ಪು ಎಷ್ಟರಮಟ್ಟಿಗೆ ಸರಿ? ಕಾಣುತ್ತಿರುವುದು ಧೈರ್ಯದ ಕೊರತೆಯೋ ಅಥವಾ ಮನಸ್ಸು ಕೆಲಸ ಮಾಡುವ ಬೇರೊಂದು ಬಗೆಯೋ? ಮಾತನ್ನೇ ಸಾಮರ್ಥ್ಯದ ಅಳತೆಗೋಲಾಗಿ ಮಾಡಿಕೊಂಡ ಸಮಾಜವು ಯಾವ ಬಗೆಯ ಪ್ರತಿಭೆಯನ್ನು ಕಳೆದುಕೊಳ್ಳುತ್ತದೆ? ಅಂತರ್ಮುಖ ವ್ಯಕ್ತಿತ್ವವನ್ನು ಕುರಿತು ಮನಶ್ಶಾಸ್ತ್ರವು ಒಂದು ಶತಮಾನದಲ್ಲಿ ಸಂಗ್ರಹಿಸಿದ ತಿಳಿವಳಿಕೆಯ ಬೆಳಕಿನಲ್ಲಿ ಹಾಗೂ ಕನ್ನಡದ ನುಡಿ, ವಿದ್ವತ್ತು ಮತ್ತು ಸಾಹಿತ್ಯ ವಿಮರ್ಶೆಗಳ ಸಂದರ್ಭದಲ್ಲಿ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪದಗಳಲ್ಲಿ ಅಡಗಿರುವ ತೀರ್ಪು

ಒಂದು ಸಮಾಜವು ಮೌನವನ್ನು ಹೇಗೆ ಗ್ರಹಿಸುತ್ತದೆ ಎಂಬುದನ್ನು ಅದರ ನುಡಿಯೇ ಹೇಳುತ್ತದೆ. ಕಡಿಮೆ ಮಾತನಾಡುವವರನ್ನು ಸೂಚಿಸಲು ಕನ್ನಡದಲ್ಲಿ ಎರಡು ಬಗೆಯ ಪದಗಳಿವೆ. ‘ಮೌನಿ’, ‘ಮಿತಭಾಷಿ’, ‘ಗಂಭೀರ ಸ್ವಭಾವದವರು’ ಎಂಬಂತಹ ಗೌರವದ ಪದಗಳು ಒಂದೆಡೆ. ‘ಗುಮ್ಮನಗುಸಕ’, ‘ಪುಕ್ಕಲ’, ‘ಮಂಕ’ ಎಂಬಂತಹ ಹಗುರಗೊಳಿಸುವ ಪದಗಳು ಇನ್ನೊಂದೆಡೆ. ಮಾತಿನ ವಿಷಯದಲ್ಲಿಯೂ ಹೀಗೆಯೇ. ‘ವಾಗ್ಮಿ’, ‘ಮಾತುಗಾರ’ ಎಂಬುವು ಮೆಚ್ಚುಗೆಯ ಪದಗಳಾದರೆ ‘ವಾಚಾಳಿ’, ‘ಬಾಯಿಬಡುಕ’ ಎಂಬುವು ಜರೆಯುವ ಪದಗಳು. ಗಾದೆಗಳೂ ಎರಡು ಪಕ್ಷಗಳಾಗಿ ನಿಲ್ಲುತ್ತವೆ. ತುಂಬಿದ ಕೊಡ ತುಳುಕುವುದಿಲ್ಲವೆಂದು ಹೇಳುವ ಜನವೇ ಬಾಯಿದ್ದವನು ಬರಗಾಲದಲ್ಲಿಯೂ ಬದುಕಿದನೆಂದೂ ಹೇಳುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಯಾವ ಪದ ಯಾರಿಗೆ ಸಲ್ಲುತ್ತದೆ ಎಂಬುದು ಮೌನದ ಗುಣವನ್ನು ಅವಲಂಬಿಸಿಲ್ಲ. ಮೌನವಾಗಿರುವವರ ಸ್ಥಾನವನ್ನು ಅವಲಂಬಿಸಿದೆ. ಮನೆಯ ಯಜಮಾನನ ಮೌನ ಗಾಂಭೀರ್ಯವೆನಿಸಿಕೊಂಡರೆ ಆಳಿನ ಮೌನ ದಡ್ಡತನವೆನಿಸಿಕೊಳ್ಳುತ್ತದೆ. ಸೊಸೆಯ ಮೌನಕ್ಕೆ ವಿನಯವೆಂಬ ಹೆಸರಿದೆ; ಕೆಲಸ ಕೇಳಲು ಬಂದ ಯುವಕನ ಮೌನಕ್ಕೆ ಅಸಾಮರ್ಥ್ಯವೆಂಬ ಹೆಸರಿದೆ. ಆದ್ದರಿಂದ ಅಂತರ್ಮುಖತೆಯ ಚರ್ಚೆ ಕೇವಲ ಮನಶ್ಶಾಸ್ತ್ರದ ಚರ್ಚೆಯಾಗಿ ಉಳಿಯಲಾರದು.

‘ಅಂತರ್ಮುಖ’ ಎಂಬ ಪದಕ್ಕೂ ತನ್ನದೇ ಆದ ಹೊರೆಯಿದೆ. ಯೋಗ ಮತ್ತು ವೇದಾಂತದ ಪರಿಭಾಷೆಯಲ್ಲಿ ಅದು ಇಂದ್ರಿಯಗಳನ್ನು ಹೊರಗಿನಿಂದ ಒಳಕ್ಕೆ ತಿರುಗಿಸಿದ ಸಾಧಕನ ಸ್ಥಿತಿ. ಪಾಶ್ಚಾತ್ಯ ಮನಶ್ಶಾಸ್ತ್ರದ ಪರಿಕಲ್ಪನೆಯೊಂದಕ್ಕೆ ಇದೇ ಪದವನ್ನು ಬಳಸಿದಾಗ, ಅಂತರ್ಮುಖಿಯೆಂದರೆ ಒಂದೋ ಸಾಧಕ ಇಲ್ಲವೇ ಲೋಕವ್ಯವಹಾರಕ್ಕೆ ಒಗ್ಗದವ ಎಂಬ ಎರಡೇ ಚಿತ್ರಗಳು ಮೂಡುವಂತಾಯಿತು. ಇವೆರಡರ ನಡುವೆ ಬದುಕುವ, ಕಚೇರಿಗೆ ಹೋಗುವ, ಪಾಠ ಮಾಡುವ, ಸಂಸಾರ ನಡೆಸುವ ಸಾಮಾನ್ಯ ಅಂತರ್ಮುಖಿಗೆ ಹೆಸರಿಲ್ಲದಂತಾಯಿತು.

ಕನ್ನಡದಲ್ಲಿ ಇಂದು ಲಭ್ಯವಿರುವ ಅತ್ಯಂತ ಹಳೆಯ ಗ್ರಂಥವಾದ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ನಾಡಿನ ಜನರನ್ನು ಬಣ್ಣಿಸುವಾಗ ಎರಡು ಸಾಮರ್ಥ್ಯಗಳನ್ನು ಜೊತೆಯಾಗಿ ಇರಿಸಿದೆ. ಪದದ ಮರ್ಮವನ್ನರಿತು ನುಡಿಯಬಲ್ಲುದು ಒಂದು. ನುಡಿದುದನ್ನು ಅರಿತು ವಿಚಾರಿಸಬಲ್ಲುದು ಇನ್ನೊಂದು. ನುಡಿಯುವವರನ್ನಷ್ಟೇ ಅಲ್ಲದೆ ಕೇಳಿ ತಿಳಿಯುವವರನ್ನೂ ಸಮಾನವಾಗಿ ಗಣಿಸಿದ ಈ ನೋಟದಲ್ಲಿರುವ ಸಮತೋಲ ನಂತರದ ಕಾಲದಲ್ಲಿ, ಅದರಲ್ಲಿಯೂ ಆಧುನಿಕ ಸಂಸ್ಥೆಗಳಲ್ಲಿ, ಸಡಿಲಗೊಂಡಿದೆ.

2. ಪರಿಕಲ್ಪನೆಯ ಬೆಳವಣಿಗೆ

ಅಂತರ್ಮುಖಿ ಮತ್ತು ಬಹಿರ್ಮುಖಿ ಎಂಬ ವಿಂಗಡಣೆಯನ್ನು ಪ್ರಚುರಪಡಿಸಿದವನು ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಗುಸ್ತಾವ್ ಯೂಂಗ್. ಮಾನಸಿಕ ಮಾದರಿಗಳನ್ನು ಕುರಿತ ಆತನ ಜರ್ಮನ್ ಗ್ರಂಥ 1921ರಲ್ಲಿ ಪ್ರಕಟವಾಯಿತು. ಮನಸ್ಸಿನ ಶಕ್ತಿ ಮುಖ್ಯವಾಗಿ ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದು ಆತನ ವಿಂಗಡಣೆಯ ಆಧಾರ. ಹೊರಗಿನ ವಸ್ತು, ವ್ಯಕ್ತಿ, ಘಟನೆಗಳತ್ತ ಹರಿದರೆ ಬಹಿರ್ಮುಖತೆ. ಅವು ತನ್ನೊಳಗೆ ಮೂಡಿಸುವ ಅರ್ಥ ಮತ್ತು ಅನುಭವಗಳತ್ತ ಹರಿದರೆ ಅಂತರ್ಮುಖತೆ. ಪೂರ್ಣವಾಗಿ ಒಂದೇ ಕಡೆ ವಾಲಿದ ಮನುಷ್ಯ ಇರಲಾರನೆಂಬ ಎಚ್ಚರವೂ ಯೂಂಗನಿಗಿತ್ತು. ಇಂದಿನ ವ್ಯಕ್ತಿತ್ವ ಮಾಪನಗಳೂ ಇದನ್ನು ಎರಡು ಜಾತಿಗಳಾಗಿ ಕಾಣದೆ ಒಂದೇ ಅಳತೆಪಟ್ಟಿಯ ಎರಡು ತುದಿಗಳಾಗಿ ಕಾಣುತ್ತವೆ. ಬಹುಪಾಲು ಜನರು ಈ ಪಟ್ಟಿಯ ನಡುಭಾಗದಲ್ಲಿದ್ದಾರೆ.

ಬ್ರಿಟನ್ನಿನಲ್ಲಿ ಸಂಶೋಧನೆ ನಡೆಸಿದ ಹಾನ್ಸ್ ಐಸೆಂಕ್ 1967ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಇದಕ್ಕೆ ದೈಹಿಕ ಆಧಾರವನ್ನು ಹುಡುಕಿದನು. ಅಂತರ್ಮುಖಿಗಳ ಮಿದುಳು ಸಹಜ ಸ್ಥಿತಿಯಲ್ಲಿಯೇ ಹೆಚ್ಚು ಎಚ್ಚೆತ್ತಿರುತ್ತದೆ, ಆದ್ದರಿಂದ ಹೊರಗಿನ ಪ್ರಚೋದನೆ ಸ್ವಲ್ಪವಾದರೂ ಅವರಿಗೆ ಸಾಕಾಗುತ್ತದೆ. ಬಹಿರ್ಮುಖಿಗಳಿಗೆ ಅದೇ ಎಚ್ಚರದ ಮಟ್ಟವನ್ನು ತಲುಪಲು ಹೆಚ್ಚು ಗದ್ದಲ, ಹೆಚ್ಚು ಒಡನಾಟ ಬೇಕಾಗುತ್ತದೆ ಎಂಬುದು ಆತನ ವಾದ. ನಾಲಗೆಯ ಮೇಲೆ ನಿಂಬೆರಸದ ಹನಿಗಳನ್ನಿರಿಸಿ ಜೊಲ್ಲಿನ ಪ್ರಮಾಣವನ್ನು ಅಳೆದ 1960ರ ದಶಕದ ಪ್ರಯೋಗಗಳು ಈ ವಾದಕ್ಕೆ ಸಂಬಂಧಿಸಿದವು; ಅಂತರ್ಮುಖಿಗಳಲ್ಲಿ ಜೊಲ್ಲು ಹೆಚ್ಚು ಒಸರಿದುದು ಅವುಗಳಲ್ಲಿ ಕಂಡುಬಂದಿತು. ಮಿದುಳನ್ನು ಕುರಿತ ಐಸೆಂಕ್‌ನ ವಿವರಣೆ ಅತಿ ಸರಳವಾದುದೆಂದು ನಂತರದ ಸಂಶೋಧಕರು ತಿದ್ದಿದ್ದಾರೆ. ಆದರೂ ಪ್ರಚೋದನೆಯ ಹಿತವಾದ ಮಟ್ಟ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುತ್ತದೆ ಎಂಬ ಮೂಲ ಒಳನೋಟ ಉಳಿದುಕೊಂಡಿದೆ. ರಸೆಲ್ ಗೀನ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಲಿಕೆಯ ಹೊತ್ತಿನಲ್ಲಿ ಕಿವಿಗೆ ಬೀಳುವ ಸದ್ದಿನ ಮಟ್ಟವನ್ನು ಆಯ್ದುಕೊಳ್ಳಲು ಬಿಟ್ಟಾಗ ಅಂತರ್ಮುಖಿಗಳು ತಗ್ಗಿದ ಸದ್ದನ್ನು ಆಯ್ದುಕೊಂಡರು. ತಮ್ಮ ತಮ್ಮ ಆಯ್ಕೆಯ ಸದ್ದಿನಲ್ಲಿ ಎರಡೂ ಗುಂಪಿನವರ ಕಲಿಕೆ ಚೆನ್ನಾಗಿತ್ತು. ಸದ್ದನ್ನು ಅದಲುಬದಲು ಮಾಡಿದಾಗ ಕುಂದಿತು. ಇಬ್ಬರೂ ಸಮರ್ಥರು, ಅವರಿಗೆ ಒಗ್ಗುವ ವಾತಾವರಣ ಬೇರೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸಂಕೋಚ ಅಥವಾ ನಾಚಿಕೆಯು ಇತರರು ತನ್ನನ್ನು ಹೇಗೆ ಅಳೆಯುವರೋ ಎಂಬ ಅಂಜಿಕೆ. ಅಂತರ್ಮುಖತೆಯು ಕಡಿಮೆ ಗದ್ದಲದ ಪರಿಸರವನ್ನು ಬಯಸುವ ಪ್ರವೃತ್ತಿ. ಒಬ್ಬರಲ್ಲಿಯೇ ಎರಡೂ ಇರಬಹುದು; ಇರಲೇಬೇಕೆಂದಿಲ್ಲ. ಸಭೆಯಲ್ಲಿ ಅಂಜದೆ ಮಾತನಾಡಿ, ಮುಗಿದೊಡನೆ ಏಕಾಂತವನ್ನು ಅರಸುವ ಅಂತರ್ಮುಖಿಗಳಿದ್ದಾರೆ. ಜನರ ನಡುವೆ ಇರಬೇಕೆಂಬ ಹಂಬಲವಿದ್ದೂ ಅಂಜಿಕೆಯಿಂದ ಹಿಂಜರಿಯುವ ಬಹಿರ್ಮುಖಿಗಳೂ ಇದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಜೆರೋಮ್ ಕೇಗನ್ ನಾಲ್ಕು ತಿಂಗಳ ಶಿಶುಗಳನ್ನು ಹೊಸ ಸದ್ದು, ವಾಸನೆ, ಆಟಿಕೆಗಳಿಗೆ ಒಡ್ಡಿ, ಅವರನ್ನು ವರ್ಷಗಟ್ಟಲೆ ಅನುಸರಿಸಿ ನಡೆಸಿದ ಅಧ್ಯಯನದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಶಿಶುಗಳು ತೀವ್ರವಾಗಿ ಪ್ರತಿಕ್ರಿಯಿಸುವವರಾಗಿದ್ದರು. ಬೆಳೆದಂತೆ ಇವರಲ್ಲಿ ಅನೇಕರು ಹೊಸತರ ಮುಂದೆ ಎಚ್ಚರದಿಂದ ನಡೆಯುವ, ಮೊದಲು ನೋಡಿ ನಂತರ ಮುಂದಾಗುವ ಸ್ವಭಾವದವರಾದರು. ಎಲ್ಲರೂ ಹಾಗಾಗಲಿಲ್ಲ. ಸ್ವಭಾವದ ಬೀಜ ಹುಟ್ಟಿನೊಂದಿಗೆ ಬಂದರೂ ಅದರ ಬೆಳೆಯನ್ನು ಮನೆ, ಶಾಲೆ ಮತ್ತು ಸಮಾಜಗಳು ರೂಪಿಸುತ್ತವೆ ಎಂಬುದು ಇದರಿಂದ ತಿಳಿಯುತ್ತದೆ.

3. ಮಾತು ಮಾನದಂಡವಾದ ಬಗೆ

ಬಹಿರ್ಮುಖತೆಯನ್ನು ಆದರ್ಶವೆಂದು ಭಾವಿಸುವುದು ಎಲ್ಲ ಕಾಲಕ್ಕೂ ಸಲ್ಲುವ ಸಂಗತಿಯಲ್ಲ, ಅದಕ್ಕೊಂದು ಚರಿತ್ರೆಯಿದೆ. ಅಮೆರಿಕದ ಇತಿಹಾಸಕಾರ ವಾರನ್ ಸಸ್ಮನ್ ಗುರುತಿಸಿದಂತೆ, ಹತ್ತೊಂಬತ್ತನೆಯ ಶತಮಾನದ ನೀತಿಬೋಧೆಯ ಪುಸ್ತಕಗಳ ಕೇಂದ್ರದಲ್ಲಿದ್ದುದು ‘ಶೀಲ’. ಕರ್ತವ್ಯ, ಪ್ರಾಮಾಣಿಕತೆ, ದುಡಿಮೆ ಇವು ಅದರ ಲಕ್ಷಣಗಳು. ಯಾರೂ ನೋಡದಿದ್ದಾಗಲೂ ಇರಬೇಕಾದಂಥವು. ಇಪ್ಪತ್ತನೆಯ ಶತಮಾನದ ಆರಂಭದಿಂದ ಆ ಸ್ಥಾನವನ್ನು ‘ವ್ಯಕ್ತಿತ್ವ’ ಆಕ್ರಮಿಸಿತು. ಆಕರ್ಷಣೆ, ಪ್ರಭಾವ, ಮಾತಿನ ಮೋಡಿ ಇವು ಅದರ ಲಕ್ಷಣಗಳು. ನೋಡುವವರಿದ್ದಾಗ ಮಾತ್ರ ಅರ್ಥ ಪಡೆಯುವಂಥವು. ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿ ಒಬ್ಬರನ್ನೊಬ್ಬರು ತಲೆಮಾರುಗಳಿಂದ ಬಲ್ಲ ಜನ ನಗರಗಳಿಗೆ ಬಂದು ಅಪರಿಚಿತರ ನಡುವೆ ಕೆಲಸ ಹುಡುಕುವಂತಾದಾಗ, ಮೊದಲ ಐದು ನಿಮಿಷಗಳಲ್ಲಿ ಮೂಡಿಸುವ ಅಭಿಪ್ರಾಯಕ್ಕೆ ಬೆಲೆ ಬಂದಿತು. 1912ರಿಂದ ಭಾಷಣಕಲೆಯ ತರಗತಿಗಳನ್ನು ನಡೆಸಿದ ಡೇಲ್ ಕಾರ್ನೆಗಿ 1936ರಲ್ಲಿ ಹೊರತಂದ ಗೆಳೆತನ ಮತ್ತು ಪ್ರಭಾವಗಳನ್ನು ಕುರಿತ ಪುಸ್ತಕದ ಅಪಾರ ಜನಪ್ರಿಯತೆ ಈ ಬದಲಾವಣೆಯ ಗುರುತು. ಇದೇ ಆದರ್ಶವನ್ನು ಪ್ರಶ್ನಿಸಿ ಸೂಸನ್ ಕೇನ್ 2012ರಲ್ಲಿ ಬರೆದ ಪುಸ್ತಕಕ್ಕೆ ದೊರೆತ ಓದುಗ ವರ್ಗವೂ ಅಷ್ಟೇ ಗಮನಾರ್ಹ.

ಶಾಂಘೈ ನಗರದ ಶಾಲಾಮಕ್ಕಳನ್ನು ಕುರಿತು ಶಿನ್‌ಯಿನ್ ಚೆನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಗೆ ಮಹತ್ವದ ಆಧಾರ. 1990, 1998 ಮತ್ತು 2002ರ ಮೂರು ತಂಡಗಳನ್ನು ಅವರು ಹೋಲಿಸಿದರು. 1990ರಲ್ಲಿ ಸಂಕೋಚ ಸ್ವಭಾವದ ಮಕ್ಕಳನ್ನು ಸಹಪಾಠಿಗಳು ಮೆಚ್ಚುತ್ತಿದ್ದರು, ಅಧ್ಯಾಪಕರು ಸಮರ್ಥರೆಂದು ಎಣಿಸುತ್ತಿದ್ದರು. 1998ರ ಹೊತ್ತಿಗೆ ಚಿತ್ರ ಮಿಶ್ರವಾಯಿತು. 2002ರಲ್ಲಿ ಅದೇ ಸ್ವಭಾವದ ಮಕ್ಕಳು ತಿರಸ್ಕಾರಕ್ಕೂ ಖಿನ್ನತೆಗೂ ಒಳಗಾಗಿದ್ದರು. ಒಂದೇ ಗುಣವು ಹನ್ನೆರಡು ವರ್ಷಗಳಲ್ಲಿ ಸದ್ಗುಣದಿಂದ ದೋಷವಾಗಿ ಮಾರ್ಪಟ್ಟಿತು. ಮಾರುಕಟ್ಟೆ ಅರ್ಥವ್ಯವಸ್ಥೆಗೆ ಸಮಾಜ ತೆರೆದುಕೊಂಡುದೇ ಇದರ ಹಿನ್ನೆಲೆಯೆಂದು ಸಂಶೋಧಕರು ವಿವರಿಸಿದರು.

1991ರ ಆರ್ಥಿಕ ಉದಾರೀಕರಣದ ನಂತರದ ಕರ್ನಾಟಕದಲ್ಲಿ ಇಂತಹ ಅಳತೆಯ ಅಧ್ಯಯನದ ನೆರವಿಲ್ಲದೆಯೂ ಕಾಣುವ ಕುರುಹುಗಳಿವೆ. ‘ವ್ಯಕ್ತಿತ್ವ ವಿಕಸನ’ ಎಂಬ ಜೋಡುಪದ ಶಿಬಿರಗಳ, ಪುಸ್ತಕ ಮಳಿಗೆಗಳ, ಕಾಲೇಜು ಕಾರ್ಯಕ್ರಮಗಳ ನಿತ್ಯದ ಮಾತಾಯಿತು. ಮಾಹಿತಿ ತಂತ್ರಜ್ಞಾನ ಮತ್ತು ಸೇವಾ ಉದ್ಯಮಗಳು ಬೆಳೆದಂತೆ ಗುಂಪು ಚರ್ಚೆ ಮತ್ತು ಸಂದರ್ಶನಗಳು ಉದ್ಯೋಗದ ಹೆಬ್ಬಾಗಿಲುಗಳಾದವು. ಈ ಶಿಬಿರಗಳ ಬೋಧನೆಯಲ್ಲಿ ವಿಕಸನವೆಂದರೆ ಬಹುಮಟ್ಟಿಗೆ ಬಹಿರ್ಮುಖವಾಗುವುದೇ ಆಗಿದೆ. ಕನ್ನಡ ಮಾಧ್ಯಮದಲ್ಲಿ ಓದಿ ನಗರಕ್ಕೆ ಬಂದ ಅಂತರ್ಮುಖಿ ವಿದ್ಯಾರ್ಥಿಗೆ ಇಲ್ಲಿ ಎರಡು ತಡೆಗಳು: ಮಾತಿನ ತಡೆ ಒಂದು, ಇಂಗ್ಲಿಷಿನ ತಡೆ ಇನ್ನೊಂದು. ಎರಡನೆಯದನ್ನು ದಾಟುವ ಮೊದಲೇ ಮೊದಲನೆಯದರ ಮೇಲೆ ತೀರ್ಪು ಬಂದುಬಿಡುತ್ತದೆ.

ಮಾತು ಮತ್ತು ಸಾಮರ್ಥ್ಯಗಳ ನಡುವಿನ ಸಂಬಂಧ ನಿಜವಾಗಿ ಎಂತಹುದು? ಕ್ಯಾಮರೂನ್ ಆಂಡರ್ಸನ್ ಮತ್ತು ಗ್ಯಾವಿನ್ ಕಿಲ್ಡಫ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತರ ಸಣ್ಣ ಗುಂಪುಗಳಿಗೆ ಗಣಿತದ ಸಮಸ್ಯೆಗಳನ್ನು ಬಿಡಿಸಲು ಕೊಡಲಾಗಿತ್ತು. ಮುಂದಾಗಿ ಮಾತನಾಡಿ ಹೆಚ್ಚು ಉತ್ತರಗಳನ್ನು ಸೂಚಿಸಿದವರನ್ನು ಉಳಿದವರು ಗಣಿತದಲ್ಲಿ ಹೆಚ್ಚು ಸಮರ್ಥರೆಂದು ಎಣಿಸಿದರು. ಅವರ ನಿಜವಾದ ಗಣಿತ ಸಾಮರ್ಥ್ಯ ಇತರರಿಗಿಂತ ಹೆಚ್ಚಿನದಾಗಿರಲಿಲ್ಲ. ಇಂತಹ ಗುಂಪುಗಳಲ್ಲಿ ಪ್ರಭಾವ ದೊರೆಯುವುದು ತಿಳಿದವರಿಗಲ್ಲ, ತಿಳಿದವರಂತೆ ನುಡಿದವರಿಗೆ. ಗುಂಪು ಚರ್ಚೆಯನ್ನು ಆಯ್ಕೆಯ ಸಾಧನವಾಗಿ ನೆಚ್ಚಿಕೊಂಡ ಸಂಸ್ಥೆಗಳು ಯೋಚಿಸಬೇಕಾದ ಸಂಗತಿಯಿದು.

4. ಅಂತರ್ಮುಖತೆಯ ಸತ್ವಗಳು

ಅಂತರ್ಮುಖಿಗಳು ಬಹಿರ್ಮುಖಿಗಳಿಗಿಂತ ಬುದ್ಧಿವಂತರೆಂದು ಸಾರುವುದು ಹಳೆಯ ತಪ್ಪನ್ನು ತಲೆಕೆಳಗು ಮಾಡಿದಂತಷ್ಟೇ. ಅವರ ಸ್ವಭಾವಕ್ಕೆ ಯಾವ ಬಗೆಯ ಕೆಲಸಗಳು ಒದಗಿಬರುತ್ತವೆ ಎಂಬುದು ಸರಿಯಾದ ಪ್ರಶ್ನೆ. ಈ ದೃಷ್ಟಿಯಿಂದ ನಾಲ್ಕು ಸತ್ವಗಳನ್ನು ಗುರುತಿಸಬಹುದು.

ಮೊದಲನೆಯದು ಏಕಾಂತದಲ್ಲಿ ನಿಲ್ಲುವ ಅವಧಾನ. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉತ್ತಮ ವಾದಕರನ್ನು ಉಳಿದವರಿಂದ ಬೇರ್ಪಡಿಸಿದ ಮುಖ್ಯ ಅಂಶ ಒಬ್ಬರೇ ಕುಳಿತು ಮಾಡಿದ ಅಭ್ಯಾಸ. ಅಭ್ಯಾಸದ ಪಾಲು ಮೊದಲು ಎಣಿಸಿದಷ್ಟು ದೊಡ್ಡದಲ್ಲವೆಂದು ನಂತರದ ಅಧ್ಯಯನಗಳು ತೋರಿಸಿದರೂ, ಸೂಕ್ಷ್ಮ ಕೌಶಲಗಳು ಏಕಾಂತವನ್ನು ಬೇಡುತ್ತವೆ ಎಂಬುದು ಅಲ್ಲಗಳೆಯಲಾಗದ ಸಂಗತಿ. ಏಕಾಂತವನ್ನು ಶಿಕ್ಷೆಯೆಂದು ಭಾವಿಸದೆ ಹಿತವೆಂದು ಭಾವಿಸುವವರಿಗೆ ಇಲ್ಲಿ ಸಹಜವಾದ ಅನುಕೂಲವಿದೆ.

ಎರಡನೆಯದು ಸ್ವತಂತ್ರ ಚಿಂತನೆ. ಗುಂಪಾಗಿ ಕುಳಿತು, ತೋಚಿದ್ದನ್ನೆಲ್ಲ ಹೇಳುತ್ತ ಹೊಸ ವಿಚಾರಗಳನ್ನು ಹುಟ್ಟಿಸುವ ‘ಬ್ರೈನ್‌ಸ್ಟಾರ್ಮಿಂಗ್’ ಪದ್ಧತಿಯನ್ನು ಜಾಹೀರಾತು ಉದ್ಯಮದ ಅಲೆಕ್ಸ್ ಆಸ್ಬರ್ನ್ ಪ್ರಚಾರಕ್ಕೆ ತಂದನು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿದಾಗ, ಒಟ್ಟಿಗೆ ಕುಳಿತ ನಾಲ್ವರಿಗಿಂತ ಬೇರೆ ಬೇರೆಯಾಗಿ ಕುಳಿತು ಯೋಚಿಸಿದ ನಾಲ್ವರಿಂದ ಹೆಚ್ಚು ವಿಚಾರಗಳು ಬಂದವು. ಒಬ್ಬರು ಮಾತನಾಡುವಾಗ ಉಳಿದವರ ಯೋಚನೆಗೆ ತಡೆಯುಂಟಾಗುವುದೇ ಇದಕ್ಕೆ ಪ್ರಮುಖ ಕಾರಣವೆಂದು ಡೀಲ್ ಮತ್ತು ಸ್ಟ್ರೋಬೆ 1987ರಲ್ಲಿ ತೋರಿಸಿದರು. ಸಭೆಯಲ್ಲಿ ಸುಮ್ಮನಿದ್ದು ಮನೆಗೆ ಹೋಗಿ ಬರೆದು ಕಳಿಸುವವರ ಪದ್ಧತಿಗೆ ಇಲ್ಲಿ ಸಮರ್ಥನೆಯಿದೆ.

ಮೂರನೆಯದು ಆಲಿಸುವಿಕೆ. ನಾಯಕರೆಂದರೆ ಮಾತುಗಾರರೆಂಬ ನಂಬಿಕೆಯನ್ನು ಆಡಂ ಗ್ರಾಂಟ್, ಫ್ರಾನ್ಸೆಸ್ಕಾ ಜಿನೋ ಮತ್ತು ಡೇವಿಡ್ ಹಾಫ್‌ಮನ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಶ್ನಿಸಿತು. ಪಿಟ್ಸಾ ಮಳಿಗೆಗಳಲ್ಲಿ ಮತ್ತು ಪ್ರಯೋಗಾಲಯದಲ್ಲಿ ಅಂಗಿ ಮಡಿಸುವ ಕೆಲಸದಲ್ಲಿ ಅವರು ಕಂಡುದಿಷ್ಟು: ಕೈಕೆಳಗಿನವರು ಹೇಳಿದಷ್ಟನ್ನೇ ಮಾಡುವವರಾಗಿದ್ದರೆ ಬಹಿರ್ಮುಖ ನಾಯಕರಿಂದ ಲಾಭ; ತಾವೇ ಮುಂದಾಗಿ ಸಲಹೆಗಳನ್ನು ಕೊಡುವವರಾಗಿದ್ದರೆ ಅಂತರ್ಮುಖ ನಾಯಕರಿಂದ ಲಾಭ. ಇತರರ ಸಲಹೆಗೆ ಕಿವಿಗೊಡುವ ನಾಯಕತ್ವ ಸಮರ್ಥರ ತಂಡಕ್ಕೆ ಹೆಚ್ಚು ಒಪ್ಪುತ್ತದೆ.

ನಾಲ್ಕನೆಯದು ಮಾತಿನ ಮಿತವ್ಯಯ. ಲಂಡನ್ನಿನಲ್ಲಿ ಓದುತ್ತಿದ್ದಾಗ ಸಸ್ಯಾಹಾರಿಗಳ ಸಂಘದ ಸಭೆಗಳಲ್ಲಿ ಬಾಯಿ ಬಿಡಲಾಗದ, ಮುಂಬಯಿಯಲ್ಲಿ ತಮ್ಮ ಮೊದಲ ಮೊಕದ್ದಮೆಯಲ್ಲಿ ಸಾಕ್ಷಿಯನ್ನು ಪ್ರಶ್ನಿಸಲಾಗದೆ ಕುಳಿತುಬಿಟ್ಟ ಗಾಂಧೀಜಿ ಆ ಸಂಕೋಚವನ್ನು ತಮ್ಮ ಆತ್ಮಕಥೆಯಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಸಂಕೋಚವು ತಮಗೆ ಪದಗಳನ್ನು ಅಳೆದು ಬಳಸುವುದನ್ನು ಕಲಿಸಿತೆಂಬುದು, ಅದು ತಮಗೆ ರಕ್ಷೆಯಾಯಿತೆಂಬುದು ಅವರ ಅಭಿಪ್ರಾಯ. ಮುಂದೆ ಲಕ್ಷಾಂತರ ಜನರನ್ನುದ್ದೇಶಿಸಿ ಮಾತನಾಡಿದ ಅವರು ಸೋಮವಾರದ ಮೌನವನ್ನೂ ಪಾಲಿಸಿದರು. ಸ್ವಭಾವವನ್ನು ಬಿಡದೆಯೂ ಸಾರ್ವಜನಿಕ ಕರ್ತವ್ಯವನ್ನು ನಿರ್ವಹಿಸಬಹುದು ಎಂಬುದಕ್ಕೆ ಇದು ನಿದರ್ಶನ.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಬಹಿರ್ಮುಖವಾಗಿ ವರ್ತಿಸಿದ ಹೊತ್ತಿನಲ್ಲಿ ಅಂತರ್ಮುಖಿಗಳಿಗೂ ಉಲ್ಲಾಸವುಂಟಾಗುತ್ತದೆಂದು ವಿಲಿಯಂ ಫ್ಲೀಸನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಆದರೆ ಒಂದು ವಾರ ಹಾಗೆ ವರ್ತಿಸುವಂತೆ ಕೇಳಿಕೊಂಡ, ಆಸ್ಟ್ರೇಲಿಯಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಚ್ಚು ಅಂತರ್ಮುಖಿಗಳಾಗಿದ್ದವರಿಗೆ ದೊರೆತ ಹಿತ ಕಡಿಮೆ; ದಣಿವು ಮತ್ತು ತಾವು ತಾವಾಗಿಲ್ಲವೆಂಬ ಭಾವನೆಗಳು ಅವರನ್ನು ಕಾಡಿದವು. ಒಡನಾಟ ಎಲ್ಲರಿಗೂ ಬೇಕು. ಅದರ ಪ್ರಮಾಣ ಎಲ್ಲರಿಗೂ ಒಂದೇ ಅಲ್ಲ.

5. ಕನ್ನಡ ವಿದ್ವತ್ತಿನ ಏಕಾಂತದ ದುಡಿಮೆ

ಇಂತಹ ಸತ್ವಗಳ ಬೆಲೆಯನ್ನು ಅರಿಯಲು ಕನ್ನಡ ಅಧ್ಯಯನದ ಚರಿತ್ರೆಯನ್ನೇ ನೋಡಬಹುದು. ಇಲ್ಲಿ ಹೆಸರಿಸುವ ವಿದ್ವಾಂಸರು ಸ್ವಭಾವತಃ ಅಂತರ್ಮುಖಿಗಳಾಗಿದ್ದರೆಂದು ನಿರ್ಣಯಿಸುವುದು ಉದ್ದೇಶವಲ್ಲ. ಗತಿಸಿದವರ ಮನಸ್ಸನ್ನು ಅಳೆಯುವ ಸಾಧನವಿಲ್ಲ. ಅವರ ಕೆಲಸ ಬೇಡಿದ ಗುಣಗಳು ಯಾವುವೆಂಬುದನ್ನು ಮಾತ್ರ ಗಮನಿಸಬೇಕು.

ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಪ್ರಕಟಿಸಿದನು. 1894ರಲ್ಲಿ ಹೊರಬಂದ ಆತನ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಧರ್ಮಪ್ರಚಾರಕನಿಂದ ಸಂಸ್ಥೆ ನಿರೀಕ್ಷಿಸುವುದು ಜನರ ನಡುವೆ ಉಪದೇಶ ಮಾಡುವ ಮಾತುಗಾರಿಕೆಯನ್ನು. ಕಿಟೆಲ್ ಇಂದು ನೆನಪಿನಲ್ಲಿ ಉಳಿದಿರುವುದು ಉಪದೇಶದಿಂದಲ್ಲ. ಗ್ರಂಥಗಳಿಂದಲೂ ಜನರ ಬಾಯಿಂದಲೂ ಪದಗಳನ್ನು, ಗಾದೆಗಳನ್ನು ಒಂದೊಂದಾಗಿ ಆಯ್ದು, ದೇಶೀಯ ಪಂಡಿತರ ನೆರವಿನಿಂದ ಅವುಗಳ ಅರ್ಥವನ್ನು ನಿಷ್ಕರ್ಷಿಸಿದ ದುಡಿಮೆಯಿಂದ. ನಿಘಂಟುಕಾರನ ಮೊದಲ ಗುಣ ಕೇಳಿಸಿಕೊಳ್ಳುವುದು.

ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ ತಾಳೆಗರಿಯ ಕಟ್ಟೊಂದು ಬಂದಿತು. ಅದನ್ನು ಓದಿ ಕೌಟಿಲ್ಯನ ‘ಅರ್ಥಶಾಸ್ತ್ರ’ವೆಂದು ಗುರುತಿಸಿದ ಅವರು 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಪ್ರಾಚೀನ ಭಾರತದ ರಾಜನೀತಿಯ ಬಗೆಗಿನ ತಿಳಿವಳಿಕೆಯನ್ನೇ ಬದಲಿಸಿದ ಘಟನೆಯೊಂದು ಯಾವ ವೇದಿಕೆಯ ಮೇಲೂ ನಡೆಯಲಿಲ್ಲ. ಓದುವ ಮೇಜಿನ ಮೇಲೆ ನಡೆಯಿತು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಪ್ರಕಟವಾದವು. ಮೊದಲ ಸಂಪುಟಕ್ಕೂ ಕೊನೆಯ ಸಂಪುಟಕ್ಕೂ ನಡುವೆ ಇಪ್ಪತ್ತೆರಡು ವರ್ಷಗಳ ಅಂತರವಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಹಲವು ವಿದ್ವಾಂಸರ ದಶಕಗಳ ಶ್ರಮದ ಫಲ. ಇವು ಯಾವುವೂ ಐದು ನಿಮಿಷದ ಸಂದರ್ಶನದಲ್ಲಿ ಗೋಚರವಾಗುವ ಸಾಮರ್ಥ್ಯಗಳಲ್ಲ. ಪಾಠಾಂತರಗಳನ್ನು ಹೋಲಿಸುವ, ಶಾಸನದ ಸವೆದ ಅಕ್ಷರದ ಮುಂದೆ ದಿನಗಟ್ಟಲೆ ಕೂರುವ, ಖಚಿತವಾಗುವವರೆಗೆ ತೀರ್ಪನ್ನು ತಡೆಹಿಡಿಯುವ ಮನೋಧರ್ಮವಿಲ್ಲದೆ ಈ ಶಾಸ್ತ್ರಗಳೇ ಇರುತ್ತಿರಲಿಲ್ಲ. ಅಂತಹ ಮನೋಧರ್ಮದವರನ್ನು ಪ್ರವೇಶದ ಹಂತದಲ್ಲಿಯೇ ಸೋಸಿ ಹೊರಗಿಡುವ ವಿಭಾಗವು ತನ್ನ ಬುಡಕ್ಕೇ ಕೊಡಲಿ ಹಾಕಿಕೊಂಡಂತೆ.

6. ಆಯ್ದ ಮೌನ, ಹೇರಿದ ಮೌನ

ಕನ್ನಡ ಸಾಹಿತ್ಯ ವಿಮರ್ಶೆಯಲ್ಲಿ ‘ಅಂತರ್ಮುಖತೆ’ ಎಂಬ ಪದಕ್ಕೆ ಇನ್ನೊಂದು ಚರಿತ್ರೆಯಿದೆ. 1950ರ ದಶಕದಿಂದ ಬೆಳೆದ ನವ್ಯ ಸಾಹಿತ್ಯ ವ್ಯಕ್ತಿಯ ಒಳಗಿನ ತಳಮಳಗಳನ್ನು ಶೋಧಿಸಿತು. 1970ರ ದಶಕದಲ್ಲಿ ಮೂಡಿದ ದಲಿತ ಚಳವಳಿ ಮತ್ತು 1979ರಲ್ಲಿ ಸಂಘಟಿತವಾದ ಬಂಡಾಯ ಸಾಹಿತ್ಯ ಈ ಒಳಮುಖವನ್ನು ಸಮಾಜದಿಂದ ವಿಮುಖವಾದುದೆಂದು ಟೀಕಿಸಿದವು. ಆ ಟೀಕೆಯಲ್ಲಿದ್ದ ಎಚ್ಚರ ಇಂದಿಗೂ ಸಲ್ಲುತ್ತದೆ. ತಲೆಮಾರುಗಳಿಂದ ಮಾತನಾಡಲು ಅವಕಾಶವೇ ಇಲ್ಲದವರ ಮುಂದೆ ಮೌನದ ಮಹಿಮೆಯನ್ನು ಹೊಗಳುವುದು ಕ್ರೂರ ವ್ಯಂಗ್ಯವಾಗುತ್ತದೆ. ದಲಿತರ, ಹೆಣ್ಣುಮಕ್ಕಳ ಮೌನವನ್ನು ವಿನಯವೆಂದು ಕರೆದು ಉಳಿಸಿಕೊಂಡು ಬಂದ ವ್ಯವಸ್ಥೆಗೆ ಅಂತರ್ಮುಖತೆಯ ಸಮರ್ಥನೆ ಹೊಸ ಆಯುಧವಾಗಬಾರದು.

ಆದ್ದರಿಂದ ಆಯ್ದ ಮೌನ ಮತ್ತು ಹೇರಿದ ಮೌನಗಳನ್ನು ಬೇರ್ಪಡಿಸುವುದು ಅತ್ಯಗತ್ಯ. ಬೇಕೆನಿಸಿದಾಗ ದಂಡ ತೆರದೆ ಮಾತನಾಡಬಲ್ಲವರ ಮೌನ ಅವರ ಸ್ವಭಾವ. ಮಾತನಾಡಿದರೆ ದಂಡ ತೆರಬೇಕಾದವರ ಮೌನ ಅವರ ಮೇಲಿನ ಅನ್ಯಾಯ. ಹೊರನೋಟಕ್ಕೆ ಎರಡೂ ಒಂದೇ ಬಗೆಯಾಗಿ ಕಾಣುವುದರಿಂದ ತರಗತಿಯ ಕೊನೆಯ ಸಾಲಿನಲ್ಲಿ ಸುಮ್ಮನೆ ಕುಳಿತವರೆಲ್ಲರೂ ಅಂತರ್ಮುಖಿಗಳೆಂದು ಅಧ್ಯಾಪಕರು ಭಾವಿಸುವಂತಿಲ್ಲ. ಕೆಲವರಿಗೆ ಬೇಕಾದುದು ಏಕಾಂತ, ಮತ್ತೆ ಕೆಲವರಿಗೆ ಬೇಕಾದುದು ಭರವಸೆ.

ಮಾತಿನ ಅಬ್ಬರ ಮತ್ತು ಸಾಮಾಜಿಕ ಬದ್ಧತೆ ಒಂದೇ ಅಲ್ಲವೆಂಬುದಕ್ಕೂ ಇದೇ ಸಾಹಿತ್ಯ ಸಂದರ್ಭ ಸಾಕ್ಷಿ ನೀಡುತ್ತದೆ. ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದೇವನೂರ ಮಹಾದೇವ ಅವರ ಕಥನ ಸಾಹಿತ್ಯ ಪುಟಗಳ ಲೆಕ್ಕದಲ್ಲಿ ಬಹಳ ಕಡಿಮೆ. ಆದರೆ ಕನ್ನಡ ಕಥನದ ನುಡಿಯನ್ನೂ ನೋಟವನ್ನೂ ಬದಲಿಸಿದ ಕೃತಿಗಳಲ್ಲಿ ಅವುಗಳಿಗೆ ಮುಂಚೂಣಿಯ ಸ್ಥಾನವಿದೆ. ಮಿತವಾಗಿ ನುಡಿಯುವುದು ಸಮಾಜಕ್ಕೆ ಬೆನ್ನು ತಿರುಗಿಸುವುದಲ್ಲ.

7. ಸಮಾರೋಪ

ಒಟ್ಟಾರೆಯಾಗಿ ನೋಡಿದಾಗ, ಅಂತರ್ಮುಖತೆ ತಿದ್ದಬೇಕಾದ ದೋಷವೂ ಅಲ್ಲ, ಪೂಜಿಸಬೇಕಾದ ಸಿದ್ಧಿಯೂ ಅಲ್ಲ. ಅದು ಮನುಷ್ಯ ಸ್ವಭಾವದ ಒಂದು ಸಹಜ ಬಗೆ. ಅದರ ಸತ್ವಗಳು ನಿಧಾನವಾಗಿ ಫಲಿಸುವಂಥವು. ತಕ್ಷಣದ ಮಾತನ್ನೇ ಅಳೆಯುವ ವ್ಯವಸ್ಥೆಗೆ ಅವು ಕಾಣುವುದಿಲ್ಲ. ಹಾಗಾಗಿ ಬದಲಾಗಬೇಕಾದುದು ಮೊದಲು ಅಳತೆಗೋಲು.

ಇದಕ್ಕೆ ದೊಡ್ಡ ಸುಧಾರಣೆಗಳೇನೂ ಬೇಕಿಲ್ಲ. ಚರ್ಚೆಯ ಪ್ರಶ್ನೆಗಳನ್ನು ಹಿಂದಿನ ದಿನವೇ ತಿಳಿಸಬಹುದು. ಬಾಯಿ ತೆರೆಯುವ ಮೊದಲು ಎಲ್ಲರೂ ಐದು ನಿಮಿಷ ಬರೆಯಲು ಅವಕಾಶ ಕೊಡಬಹುದು. ಇಡೀ ತರಗತಿಯ ಮುಂದೆ ನಿಲ್ಲಿಸುವ ಮೊದಲು ಇಬ್ಬಿಬ್ಬರಾಗಿ ಚರ್ಚಿಸಲು ಬಿಡಬಹುದು. ಸೆಮಿನಾರಿನ ಅಂಕಗಳಲ್ಲಿ ಮಂಡನೆಗೊಂದು ಪಾಲು, ನಂತರ ಬರೆದುಕೊಡುವ ಉತ್ತರಕ್ಕೊಂದು ಪಾಲು ಇರಬಹುದು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿಯೂ 2013ರಿಂದ ಅಂತಿಮ ಅರ್ಹತೆಗೆ ಪರಿಗಣಿಸುವ 2025 ಅಂಕಗಳಲ್ಲಿ ಸಂದರ್ಶನಕ್ಕೆ ಮೀಸಲಾದುದು 275 ಮಾತ್ರ. ಉಳಿದ 1750 ಅಂಕಗಳು ಬರವಣಿಗೆಯವು. ಆಡಳಿತದ ಹೊಣೆ ಹೊರುವವರನ್ನೇ ಹೀಗೆ ಆಯಬಹುದಾದರೆ ಸಾಹಿತ್ಯದ ವಿದ್ಯಾರ್ಥಿಯನ್ನು ಅಳೆಯುವಾಗ ಮಾತಿಗೆ ಅದಕ್ಕಿಂತ ಹೆಚ್ಚಿನ ತೂಕ ಕೊಡಬೇಕಾದ ಕಾರಣ ಕಾಣುವುದಿಲ್ಲ.

ಅಂತರ್ಮುಖಿಗಳ ಮೇಲೂ ಹೊಣೆಯಿದೆ. ತಮಗೆ ತಿಳಿದುದನ್ನು ಹಂಚಿಕೊಳ್ಳಬೇಕಾದ, ಅನ್ಯಾಯದ ಮುಂದೆ ಬಾಯಿ ತೆರೆಯಬೇಕಾದ ಸಂದರ್ಭಗಳಲ್ಲಿ ಸ್ವಭಾವವನ್ನು ನೆಪವಾಗಿಸಿಕೊಳ್ಳುವಂತಿಲ್ಲ. ಅಧ್ಯಾಪನವನ್ನು ವೃತ್ತಿಯಾಗಿ ಆಯ್ದುಕೊಳ್ಳುವವರು ಮಾತನ್ನು ಕಲಿಯಲೇಬೇಕು. ಆದರೆ ಕಲಿಸುವುದಕ್ಕೂ ಕಲಿತಿಲ್ಲವೆಂದು ದಂಡಿಸುವುದಕ್ಕೂ ವ್ಯತ್ಯಾಸವಿದೆ. ಸೆಮಿನಾರಿನಲ್ಲಿ ಉತ್ತರಿಸಲಾಗದೆ ನಿಂತ ವಿದ್ಯಾರ್ಥಿ ಮರುದಿನ ಉತ್ತರವನ್ನು ಬರೆದು ತಂದಾಗ ಅದನ್ನು ಓದುವ ಅಧ್ಯಾಪಕರಿರಬೇಕು. ಆ ಉತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಅಂಕಪಟ್ಟಿಯಲ್ಲೊಂದು ಜಾಗವೂ ಇರಬೇಕು.